ಹದಿನಾಲ್ಕನೆಯ ಪ್ರಶ್ನೆಯ ಹಳೆಯ ಉತ್ತರ

ಮೊದಲು ಪ್ರಶ್ನೆಯನ್ನೇ ಮುಂದಿಡುತ್ತೇನೆ. ಆಮೇಲೆ ನಡೆದದ್ದನ್ನು ನಾನು ಎಷ್ಟು ಜಾಗ್ರತೆಯಿಂದ ಹೇಳಿದರೂ ನನಗೆ ಅನುಕೂಲವಾದದ್ದು ಒಂದಿಷ್ಟು ಅದರಲ್ಲಿ ಸೇರಿಕೊಳ್ಳುತ್ತದೆ. ಪ್ರಶ್ನೆ ಮಾತ್ರ ಅಚ್ಚಾದಂತೆಯೇ ಇದೆ.

ಹೇಳಿಕೆ: "ಸಂಜೆ ಆರರ ನಂತರ ಕರಡಿ ಧಾಮದ ಅಂಚಿನ ಹೊಲಗಳಿಗೆ ಯಾರೂ ಒಬ್ಬಂಟಿಯಾಗಿ ಹೋಗಬಾರದು." – ಪಂಚಾಯಿತಿಯ ಸೂಚನಾ ಫಲಕ.

ಊಹೆ ಒಂದು: ಆ ಹೊತ್ತಿನಲ್ಲಿ ಆ ಹೊಲಗಳಿಗೆ ಕರಡಿ ಬರುವ ಸಂಭವವಿದೆ.
ಊಹೆ ಎರಡು: ಜೊತೆಯಲ್ಲಿ ಜನರಿದ್ದರೆ ಅಪಾಯ ಕಡಿಮೆ.
ಊಹೆ ಮೂರು: ಫಲಕ ಓದಿದವರು ಅದನ್ನು ಸ್ವಲ್ಪವಾದರೂ ಪಾಲಿಸುತ್ತಾರೆ.

ಈ ಹೇಳಿಕೆಯಲ್ಲಿ ಅಡಗಿರುವ ಊಹೆ ಯಾವುದು? ಎ) ಒಂದು ಮಾತ್ರ. ಬಿ) ಒಂದು ಮತ್ತು ಮೂರು ಮಾತ್ರ. ಸಿ) ಎರಡು ಮತ್ತು ಮೂರು ಮಾತ್ರ. ಡಿ) ಮೂರೂ.

ಇದು ನಾನು ತೆಗೆದ ಪ್ರಶ್ನೆ, ಇಪ್ಪತ್ತರಲ್ಲಿ ಹದಿನಾಲ್ಕನೆಯದು. ಹೊಸಪೇಟೆಯ ಒಂದು ಸಂಸ್ಥೆ ಸರ್ಕಾರಿ ನೌಕರಿಯ ಪರೀಕ್ಷೆ ಬರೆಯುವವರಿಗೆ ನಾಲ್ಕು ತಿಂಗಳು ಊಟ, ವಸತಿ ಕೊಟ್ಟು ಉಚಿತವಾಗಿ ತರಬೇತಿ ನಡೆಸುತ್ತದೆ. ಸೀಟು ನಲವತ್ತು. ಸಂಡೂರು, ಕಂಪ್ಲಿ, ಹಂಪಿ ಕಡೆಯಿಂದೆಲ್ಲ ಜನ ಬಂದು ಪ್ರವೇಶ ಪರೀಕ್ಷೆಗೆ ಕೂರುತ್ತಾರೆ. ಗಣಿತ, ಸಾಮಾನ್ಯ ಜ್ಞಾನ, ಇಂಗ್ಲಿಷ್, ತಾರ್ಕಿಕ ಸಾಮರ್ಥ್ಯ ಎಂದು ನಾಲ್ಕು ಭಾಗ. ಕೊನೆಯದು ನನ್ನದು. ಅದರಲ್ಲಿ ಹೇಳಿಕೆ-ಊಹೆಯ ಪ್ರಶ್ನೆಗಳಿಗೆ ನಾನು ಬೇಲಿಯನ್ನೇ ಹಾಕಿಕೊಂಡಿದ್ದೆ. ಇನ್ನೊಬ್ಬರು ಕೈ ಹಾಕುವಂತಿರಲಿಲ್ಲ.

ಈ ಪ್ರಶ್ನೆಗಳ ಕೆಲಸ ಹೀಗೆ. ಯಾರೋ ಒಂದು ಮಾತು ಹೇಳುತ್ತಾರೆ. ಆ ಮಾತು ನಿಲ್ಲಬೇಕಾದರೆ ಅವರು ಬಾಯಿಬಿಟ್ಟು ಹೇಳದ ಏನನ್ನೋ ನಿಜವೆಂದು ಹಿಡಿದಿರಬೇಕು. ಅದೇ ಅಡಗಿದ ಊಹೆ. ಮಾತು ಕೇಳಿದ ಮೇಲೆ ನಾವು ತೆಗೆಯುವ ತೀರ್ಮಾನ ಬೇರೆ, ಮಾತು ಹುಟ್ಟುವ ಮೊದಲೇ ಅದರ ಕೆಳಗಿದ್ದದ್ದು ಬೇರೆ. ಪರೀಕ್ಷಿಸಲು ಊಹೆಯನ್ನು ತಿರುವಿ ಹಾಕಬೇಕು. ಆ ಹೊತ್ತಿಗೆ ಕರಡಿ ಬರುವುದೇ ಇಲ್ಲ ಎಂದುಕೊಳ್ಳಿ, ಫಲಕಕ್ಕೆ ಅರ್ಥವಿಲ್ಲ. ಆದ್ದರಿಂದ ಒಂದನೆಯದು ಅಡಗಿದೆ. ಓದಿದವರು ಯಾರೂ ಪಾಲಿಸುವುದಿಲ್ಲ ಎಂದುಕೊಳ್ಳಿ. ಪಂಚಾಯಿತಿಯವರು ಅದನ್ನು ಬರೆಸುತ್ತಲೇ ಇರಲಿಲ್ಲ. ಮೂರನೆಯದೂ ಅಡಗಿದೆ. ಜೊತೆಗೆ ಹತ್ತು ಜನ ಇದ್ದರೂ ಅಪಾಯ ಅಷ್ಟೇ ಎಂದುಕೊಳ್ಳಿ. ಹಾಗಿದ್ದರೆ 'ಒಬ್ಬಂಟಿಯಾಗಿ' ಎಂದದ್ದು ಯಾಕೆ? ಎರಡನೆಯದೂ ಅಡಗಿದೆ. ಸರಿಯುತ್ತರ ಡಿ.

ನನ್ನ ಉತ್ತರಪಟ್ಟಿಯಲ್ಲಿ ಬಿ ಎಂದಿತ್ತು.

ಅದು ಗೊತ್ತಾದದ್ದು ಪರೀಕ್ಷೆ ಮುಗಿದ ಮೂರನೆಯ ದಿನ. ಸಂಸ್ಥೆಯ ಕಾರ್ಯದರ್ಶಿಗಳು ನಿವೃತ್ತ ಅಧಿಕಾರಿ. ಯಾವ ಕಾಗದವನ್ನೂ ಒಂದೇ ಓದಿಗೆ ನಂಬದ ಮನುಷ್ಯ. ಅದಕ್ಕೇ ಅವರೆಂದರೆ ನನಗೆ ಗೌರವ. ಹೆಚ್ಚು ಅಂಕ ಪಡೆದವರ ಉತ್ತರಪತ್ರಿಕೆಗಳನ್ನು ಅವರು ಮೊದಲು ಬೇರೆ ಇಡುತ್ತಾರೆ. ಅವರಲ್ಲಿ ಬಹಳ ಜನ ಒಂದೇ ಪ್ರಶ್ನೆಯಲ್ಲಿ ತಪ್ಪಿದ್ದರೆ, ಅನುಮಾನ ಪಡಬೇಕಾದದ್ದು ಪ್ರಶ್ನೆಯ ಮೇಲೆ.

"ಮೇಷ್ಟ್ರ, ಹದಿನಾಲ್ಕು ನೋಡ್ರಿ," ಎಂದರು. "ಶಾಣ್ಯಾರೆಲ್ಲ ಡಿ ಹಾಕ್ಯಾರ, ನೀವು ಬಿ ಅಂತೀರಿ. ತಪ್ಪಿದ್ದು ಅವರೋ ನೀವೋ?"

ಲ್ಯಾಪ್‌ಟಾಪ್ ತೆರೆದು ಹಳೆಯ ಕಡತ ನೋಡಿದೆ. ಮೊದಲ ಸಲ ಬರೆದಾಗ ಫಲಕದಲ್ಲಿ 'ಒಬ್ಬಂಟಿಯಾಗಿ' ಎಂಬ ಪದವೇ ಇರಲಿಲ್ಲ. "ಯಾರೂ ಹೋಗಬಾರದು" ಎಂದಷ್ಟೇ ಇತ್ತು. ಹಾಗಿದ್ದಾಗ ಜೊತೆಯ ಮಾತೇ ಬರುವುದಿಲ್ಲ, ಉತ್ತರ ಬಿ ಸರಿ. ಆಮೇಲೆ ಪ್ರಶ್ನೆ ಇನ್ನಷ್ಟು ಬಿಗಿಯಾಗಲಿ ಎಂದು ಆ ಪದ ಸೇರಿಸಿದ್ದೇನೆ, ಉತ್ತರ ಬದಲಿಸಲು ಮರೆತಿದ್ದೇನೆ. ತಪ್ಪು ಒಪ್ಪಿಕೊಂಡು ಪಟ್ಟಿ ತಿದ್ದಿದೆ. ಅಲ್ಲಿಗೆ ಮುಗಿಯಬೇಕಿತ್ತು.

"ನಿಲ್ರಿ," ಎಂದು ಕಾರ್ಯದರ್ಶಿಗಳು ಇನ್ನೊಂದು ಹಾಳೆ ಎಳೆದರು. "ಮೇಲಿನ ಮಂದಿಯೊಳಗ ನಿಮ್ಮ ಭಾಗದಾಗ ಹದಿನೇಳು ದಾಟಿದವರಿಲ್ಲ. ಈಕಿಗೆ ಮಾತ್ರ ಹತ್ತೊಂಬತ್ತು. ತಪ್ಪಿದ್ದು ಒಂದ. ಯಾವುದು ಹೇಳ್ರಿ?"

"ಹದಿನಾಲ್ಕು?"

"ಏನ್ ಹಾಕ್ಯಾಳ? ಬಿ. ನಿಮ್ಮ ಹಳೇ ಪಟ್ಟಿ ಹಿಡಿದ್ರ ಈಕಿಗೆ ಇಪ್ಪತ್ತಕ್ಕ ಇಪ್ಪತ್ತು."

ಈ ವೃತ್ತಿಯಲ್ಲಿ ಇರುವವರಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಕಲು ಸಿಕ್ಕಿಬೀಳುವುದು ಸರಿಯುತ್ತರಗಳಿಂದ ಅಲ್ಲ. ಸರಿಯಾದದ್ದಕ್ಕೆ ನೂರು ಜನ ನೂರು ದಾರಿಯಿಂದ ಬರಬಹುದು. ಆದರೆ ಪಟ್ಟಿಯೊಳಗಿದ್ದ ತಪ್ಪೇ ಹೊರಗೊಂದು ಕೈಯಲ್ಲೂ ಕಾಣಿಸಿಕೊಂಡರೆ ಪಟ್ಟಿ ಹೊರಗೆ ಹೋಗಿದೆ ಎಂದೇ ಲೆಕ್ಕ.

ಅರ್ಜಿ ತೆಗೆಸಿದರು. ಇಪ್ಪತ್ತೆಂಟು ವರ್ಷದ ಹೆಣ್ಣುಮಗಳು, ದೂರಶಿಕ್ಷಣದಲ್ಲಿ ಪದವಿ, ವಿಳಾಸ ಪಾಪಿನಾಯಕನಹಳ್ಳಿ. ಉಳಿದ ಮೂರು ಭಾಗದಲ್ಲಿ ಅಂಕ ಸಾಧಾರಣ. ನನ್ನ ಭಾಗದ ಬಲದ ಮೇಲೆಯೇ ನಲವತ್ತರೊಳಗೆ ಬಂದಿದ್ದಳು. ನನ್ನ ತರಗತಿಗಳ ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರು ಎಲ್ಲಿಯೂ ಇರಲಿಲ್ಲ.

"ನಾಡಿದ್ದು ಆಯ್ಕೆ ಪಟ್ಟಿ ಹಚ್ಚಬೇಕು," ಎಂದರು ಕಾರ್ಯದರ್ಶಿಗಳು. "ಅಷ್ಟ್ರೊಳಗ ನಿಮ್ಮ ಉತ್ತರ ಹೆಂಗ ಹೊರಗ ಹೋತು ಅಂತ ತಿಳಕೊಳ್ರಿ. ತಿಳೀಲಿಲ್ಲ ಅಂದ್ರ ಈಕಿ ಹೆಸರು ತೆಗೀತೀನಿ."

ಆ ಕ್ಷಣದಲ್ಲಿ ನನಗೆ ಆಕೆಯ ಬಗ್ಗೆ ಮರುಕ ಹುಟ್ಟಿತು ಎಂದು ಒಂದು ವಾಕ್ಯ ಬರೆದಿದ್ದೆ. ಹೊಡೆದುಹಾಕಿದೆ. ಹುಟ್ಟಿದ್ದು ಸಿಟ್ಟು. ನನ್ನ ಬೇಲಿ ಯಾರೋ ದಾಟಿದ್ದಾರೆ ಎಂಬ ಸಿಟ್ಟು.

ಮೊದಲು ಹೋದದ್ದು ಬಸ್ ನಿಲ್ದಾಣದ ಬಳಿ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಟ್ಟ ಡಿ.ಟಿ.ಪಿ. ಅಂಗಡಿಗೆ. ಬೇರೆ ಕೆಲಸದ ನೆಪ ಹೇಳಿಕೊಂಡು ಕೂತೆ. ಅಂಗಡಿಯವನು ಎರಡು ಮಾತಿನಲ್ಲಿಯೇ ನೆಪ ಹಿಡಿದ.

"ಸರ್, ನೀವು ನನಗ ಕೊಟ್ಟಿದ್ದು ಬರೇ ಪ್ರಶ್ನಿ. ಉತ್ತರ ಕೊಟ್ಟಿಲ್ಲ. ಕೊಟ್ಟಿದ್ರೂ ನನಗ್ಯಾಕ ಬೇಕ್ರಿ? ನಿಮ್ಮ ಪ್ರಶ್ನಿ ಟೈಪ್ ಮಾಡಾಕ ಕುಂತ್ರ ನಿದ್ದಿ ಬರ್ತೈತಿ."

"ಅನುಮಾನ ಅಲ್ಲಪ್ಪಾ, ಸುಮ್ನ ಕೇಳಿದೆ."

"ಸುಮ್ನ ಕೇಳಾಕ ಯಾರೂ ಬಿಸಿಲಾಗ ಬರಂಗಿಲ್ರಿ. ಮುಂದಿನ ಸಲ ಕೈಲೆ ಬರೀರಿ, ಯಾರ ಮ್ಯಾಲೂ ಅನುಮಾನ ಇರಂಗಿಲ್ಲ."

ಅವನ ಮಾತು ನಿಜ. ಉತ್ತರಪಟ್ಟಿ ನನ್ನ ಲ್ಯಾಪ್‌ಟಾಪ್ ಬಿಟ್ಟು ಹೋದದ್ದು ಕಾರ್ಯದರ್ಶಿಗಳ ಕಪಾಟಿಗೆ, ಅದೂ ಮುಚ್ಚಿದ ಲಕೋಟೆಯಲ್ಲಿ. ಇನ್ನು ಆ ಹಳೆಯ ಉತ್ತರ ಗೊತ್ತಿದ್ದವನು ಒಬ್ಬನೇ: ಗಣಿತದ ಮೇಷ್ಟ್ರು. ನನ್ನ ಹತ್ತು ವರ್ಷದ ಗೆಳೆಯ. ಪ್ರಶ್ನೆ ಮೊದಲ ಸಲ ಬರೆದಾಗ ಅವನೊಂದಿಗೇ ವಾದ ಮಾಡಿದ್ದೆ. ಅವನ ಮನೆಗೆ ಹೋಗಿ, ಚಹಾ ಬರುವವರೆಗೆ ಆ ಮಾತು ಈ ಮಾತಿನ ನಡುವೆ ಆಕೆಯ 'ಬಿ' ಸುದ್ದಿಯನ್ನೂ ಹೇಳಿ, ಪಾಪಿನಾಯಕನಹಳ್ಳಿಯಲ್ಲಿ ನಿನ್ನ ಸಂಬಂಧಿಕರು ಯಾರಾದರೂ ಇದ್ದಾರೇನು ಎಂದು ಕೇಳಿದೆ.

ಅವನು ಲೋಟ ಕೆಳಗಿಟ್ಟ. "ಲೇ, ನೇರ ಕೇಳು. ನಾ ಹೇಳಿಕೊಟ್ಟೆ ಅಂತೀಯೇನು?"

"ಹಂಗಲ್ಲ..."

"ಹಂಗ ಐತಿ. ನಾಕ್ ಆಯ್ಕೆದಾಗ ಒಂದು ಬಿ. ಕಣ್ಣು ಮುಚ್ಚಿ ಹಾಕಿದವನೂ ಹಾಕಬಹುದು. ಅದಕ್ಕ ನನ್ನ ಮನಿತನಕ ಬಂದಿ. ಆಕಿನ್ನ ಕೇಳೀಯೇನು?"

"ಇಲ್ಲ."

"ಯಾಕ ಕೇಳಿಲ್ಲ? ಆಕಿ ಸುಳ್ಳು ಹೇಳ್ತಾಳ ಅಂತ ನೀನ ಮೊದ್ಲ ಇಟ್ಟುಕೊಂಡೀ ಹೌದಿಲ್ಲೋ? ಕ್ಲಾಸಿನಾಗ ಇದನ್ನ ಏನಂತ ಕಲಿಸ್ತೀ?"

ನಾನು ಚಹಾ ಕುಡಿಯದೆ ಎದ್ದು ಬಂದೆ ಎಂದು ನನ್ನ ನೆನಪು. ಕುಡಿದೇ ಹೋದೆ, ಬಿಸ್ಕತ್ತನ್ನೂ ತಿಂದೆ ಎಂದು ಅವನು ಹೇಳುತ್ತಾನೆ.

ಮರುದಿನ ಬೆಳಿಗ್ಗೆ ಆಕೆಯನ್ನು ಸಂಸ್ಥೆಯ ಕಚೇರಿಗೆ ಕರೆಸಿದರು. ಕಾರ್ಯದರ್ಶಿಗಳು, ನಾನು, ಎದುರಿಗೆ ಆಕೆ. ಕಂದು ಬಣ್ಣದ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಈ ಮುಖವನ್ನು ನಾನು ಹಿಂದೆ ಎಲ್ಲಿಯೂ ಕಂಡಿರಲಿಲ್ಲ. ಆ ಬೆಳಿಗ್ಗೆ ಇದನ್ನು ಪ್ರಮಾಣ ಮಾಡಿ ಹೇಳುತ್ತಿದ್ದೆ.

ಕಾರ್ಯದರ್ಶಿಗಳು ಮೊದಲೇ ಹೇಳಿಟ್ಟಂತೆ ನಾನು ಅಲ್ಲಿಯೇ ಕಟ್ಟಿದ ಹೊಸ ಹೇಳಿಕೆಯೊಂದನ್ನು ಕೊಟ್ಟೆ. "ಹಂಪಿಗೆ ಬರುವವರು ತಲೆಗೆ ಟೋಪಿ, ಕುಡಿಯಲು ನೀರು ತರಬೇಕು – ಪ್ರವಾಸಿಗರಿಗೆ ಸೂಚನೆ." ಊಹೆ: ಹಂಪಿಯಲ್ಲಿ ನೀರು ಸಿಗುವುದಿಲ್ಲ. ಇದು ಅಡಗಿದೆಯೋ ಇಲ್ಲವೋ?

ಆಕೆ ಫೈಲನ್ನು ಮೇಜಿನ ಮೇಲಿಟ್ಟಳು. "ಇಲ್ರಿ. ತಿರುವಿ ಹಾಕಿ ನೋಡ್ರಿ. ನೀರು ಸಿಗತೈತಿ ಅಂತ ಇಟ್ಕೊಳ್ರಿ. ಆದ್ರೂ ಬಿಸಿಲಾಗ ಕೈಯಾಗ ಇರ್ಲಿ ಅಂತ ಹೇಳಬಹುದಲ್ರಿ? ಮಾತು ಬೀಳಂಗಿಲ್ಲ. ಅಂದ್ರ ಇದು ಅದರ ಹೊಟ್ಟಿಯಾಗಿಲ್ಲ."

ಉತ್ತರ ಸರಿ. ನನ್ನನ್ನು ಬೆಚ್ಚಿಸಿದ್ದು ಅದಲ್ಲ. 'ತಿರುವಿ ಹಾಕಿ' ಎಂಬುದು ನನ್ನ ಮಾತು. 'ಹೊಟ್ಟೆಯಲ್ಲಿ ಇದೆ, ಇಲ್ಲ' ಎಂಬುದೂ ನನ್ನ ಮಾತು. ಯಾವ ಪುಸ್ತಕದಲ್ಲಿಯೂ ಇಲ್ಲ. ಪಟ್ಟಿಯಷ್ಟೇ ಅಲ್ಲ, ನನ್ನ ನಾಲಿಗೆಯೂ ಕಳುವಾಗಿದೆ ಅನಿಸಿತು.

"ಇದನ್ನೆಲ್ಲ ಎಲ್ಲಿ ಕಲ್ತಿಯವ್ವಾ?" ಕಾರ್ಯದರ್ಶಿಗಳು ಕೇಳಿದರು.

"ಕೇಳಿ ಕಲ್ತೀನ್ರಿ."

"ಯಾರ ಹತ್ರ?"

ಆಕೆ ನನ್ನತ್ತ ನೋಡಿದಳು. "ಇವರ ಹತ್ರಾನರಿ."

ಈಕೆಯನ್ನು ನಾನು ಕಂಡೇ ಇಲ್ಲ ಎಂದೆ. ಶಾಂತವಾಗಿ ಹೇಳಿದೆ ಎಂದುಕೊಂಡಿದ್ದೆ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಿದ್ದೆ ಎಂದು ಕಾರ್ಯದರ್ಶಿಗಳು ಆಮೇಲೆ ನೆನಪಿಸಿದರು.

"ನೀವು ಕಂಡಿಲ್ರಿ ಸರ್," ಎಂದಳು ಆಕೆ, ಯಾವ ಕೊಂಕೂ ಇಲ್ಲದೆ. "ನಾ ಕಂಡೀನಿ. ಕಡ್ಡಿರಾಂಪುರದಾಗ ನಮ್ಮ ಅತ್ತಿ ಹೋಟೆಲ್ ಐತಿ. ಐತವಾರ ಐತವಾರ ನೀವಿಬ್ರು ಬರ್ತೀರಿ. ಅರ್ಜಿಯಾಗಿರೋದು ತವರುಮನಿ ವಿಳಾಸರಿ."

ಇಲ್ಲಿ ನನ್ನ ಕೆಲಸದ ಒಂದು ಅಭ್ಯಾಸ ಹೇಳಬೇಕು. ಮೊದಲೇ ಹೇಳಬಹುದಿತ್ತು. ಆದರೆ ಗೆಳೆಯನೊಂದಿಗೆ ವಾದಿಸಿದ್ದು ನೆನಪಿತ್ತೇ ಹೊರತು, ಅದು ಎಲ್ಲಿ, ಯಾರ ಮುಂದೆ ಎಂಬುದು ಆ ಎರಡು ದಿನ ನನಗೇ ನೆನಪಾಗಿರಲಿಲ್ಲ. ನಿಮಗೆ ಮುಂಚೆ ತಿಳಿಸಿದ್ದರೆ ನಾನು ಇದ್ದದ್ದಕ್ಕಿಂತ ಬುದ್ಧಿವಂತನಂತೆ ಕಾಣುತ್ತಿದ್ದೆ. ಯಾವ ಪ್ರಶ್ನೆಯನ್ನೂ ಬಾಯಲ್ಲಿ ಆಡಿ ನೋಡದೆ ನಾನು ಪತ್ರಿಕೆಗೆ ಹಾಕುವುದಿಲ್ಲ. ಕಣ್ಣಿಗೆ ಕಾಣದ ಸಂದು ಕಿವಿಗೆ ಸಿಗುತ್ತದೆ. ಸಂಡೂರಿನ ಬಸ್ಸಿನಲ್ಲಿ ಕಂಡಕ್ಟರನಿಗೆ ಒಂದು ಹೇಳಿಕೆ ಒಪ್ಪಿಸಿ ಅವನೇನು ಹೇಳುತ್ತಾನೆ ನೋಡುವುದು. ಭಾನುವಾರ ಕಂಪ್ಲಿಯ ತರಗತಿ ಮುಗಿಸಿ ಗಣಿತದ ಮೇಷ್ಟ್ರ ಗಾಡಿಯಲ್ಲಿ ಹಿಂದಿರುಗುವಾಗ ಕಡ್ಡಿರಾಂಪುರದ ತಗಡಿನ ಹೋಟೆಲ್ಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತ ವಾರದ ಪ್ರಶ್ನೆಗಳನ್ನೆಲ್ಲ ಅವನ ಮೇಲೆ ಹಾಕುವುದು. ಅವನು ಅಡ್ಡ ಬರುತ್ತಾನೆ, ನಾನು ಜೋರಾಗಿ ವಾದಿಸುತ್ತೇನೆ, ಕೊನೆಗೆ ತೀರ್ಪು ಕೊಡುತ್ತೇನೆ.

ತರಗತಿಯಲ್ಲಿ ಮುಂದಿನ ಪತ್ರಿಕೆಯ ಒಂದಕ್ಷರವನ್ನೂ ಆಡಿದವನಲ್ಲ. ಕಡತಕ್ಕೆ ಗುಪ್ತಪದ, ಲಕೋಟೆಗೆ ಅರಗು. ಆ ತಗಡಿನ ಕೆಳಗೆ ಮಾತ್ರ ಯಾಕೆ ಬಾಯಿ ಬಿಡುತ್ತಿದ್ದೆ? ಅಲ್ಲಿರುವವರು ಪರೀಕ್ಷೆ ಬರೆಯುವವರಲ್ಲ ಎಂದು. ಯಾರೂ ನನಗೆ ಹಾಗೆ ಹೇಳಿರಲಿಲ್ಲ. ನಾನೂ ನನಗೆ ಹೇಳಿಕೊಂಡಿರಲಿಲ್ಲ.

ಕಾರ್ಯದರ್ಶಿಗಳು ಆಕೆಯ ಪ್ರಶ್ನೆಪುಸ್ತಿಕೆ ತೆಗೆದು ತಮ್ಮ ಪದ್ಧತಿಯಂತೆ ಹಾಳೆ ಹಾಳೆಯಾಗಿ ನೋಡುತ್ತಿದ್ದರು. ನಮ್ಮಲ್ಲಿ ಪುಸ್ತಿಕೆ ಹೊರಗೆ ಬಿಡುವುದಿಲ್ಲ; ವಾಪಸು ಪಡೆಯುತ್ತೇವೆ. ಹದಿನಾಲ್ಕನೆಯ ಪ್ರಶ್ನೆಯ ಪಕ್ಕದಲ್ಲಿ, ಕಚ್ಚಾ ಕೆಲಸಕ್ಕೆ ಬಿಟ್ಟ ಜಾಗದಲ್ಲಿ, ಸಣ್ಣ ಅಕ್ಷರಗಳಿದ್ದವು: 'ಜೊತಿ ಇದ್ರೂ ಅಷ್ಟೇ ಅಂದ್ರೆ ಒಬ್ಬಂಟಿ ಯಾಕೆ? ಡಿ.' ಅದರ ಮೇಲೆ ಒಂದು ಗೆರೆ. ಕೆಳಗೆ 'ಬಿ'.

"ಇದೇನು?" ಎಂದು ಅವರು ಪುಸ್ತಿಕೆ ತಿರುಗಿಸಿದರು.

"ನಾ ಮೊದ್ಲು ಡಿ ಅಂತ ಮಾಡಿದ್ದೆರಿ. ಆಮ್ಯಾಲೆ ಅವತ್ತು ಸರ್ ಹೇಳಿದ್ದು ನೆನಪಾತು. ಗಾಡಿ ಹೊಡಿಯೋ ಸರ್ ಮೂರೂ ಬರ್ತಾವ ಅಂದ್ರು, ಇವರು ಬೈದು ಬಿ ಅಂದ್ರು. ಅವತ್ತು ಒಬ್ಬಂಟಿ ಅನ್ನೋದು ಇದ್ದಿಲ್ಲ ಅನಿಸ್ತು, ಆದ್ರ ಗಟ್ಟಿ ನೆನಪಿಲ್ಲ. ಪೇಪರ್ ತೆಗಿಯೋರ ಅವರು, ಅವರಿಗಿಂತ ನನಗ ಹೆಚ್ಚು ಗೊತ್ತೈತೇನು ಅಂತ ಬಿ ಮಾಡಿದೆ."

"ಪೇಪರ್ ತೆಗೆಯೋರು ಅಂತ ಗೊತ್ತಿತ್ತೇನು?"

"ಹೋಟೆಲ್ಲಿನಾಗ ಎಲ್ಲಾರಿಗೂ ಗೊತ್ತೈತ್ರಿ."

ಆಕೆಯನ್ನು ಹೊರಗೆ ಕೂರಿಸಿ ಕಾರ್ಯದರ್ಶಿಗಳು ನನ್ನ ಮುಖ ನೋಡಿದರು. ನಾನು ಆಗಲೂ ನಂಬಿರಲಿಲ್ಲ. ಹೋಟೆಲ್ಲಿನ ಕಥೆಯನ್ನು ಯಾರಾದರೂ ಕಟ್ಟಬಹುದು. ನಾವು ಅಲ್ಲಿ ತಿನ್ನುವುದು ಊರಿಗೇ ಕಾಣುತ್ತದೆ. ಕಚ್ಚಾ ಬರಹವನ್ನೂ ಮುಂದಾಲೋಚನೆಯಿಂದ ಬರೆದಿರಬಹುದು. ಗೆಳೆಯನ ಗಾಡಿ ಕೇಳಲು ನಾಚಿಕೆಯಾಗಿ ಬಸ್ಸು ಹತ್ತಿ ಕಡ್ಡಿರಾಂಪುರಕ್ಕೆ ಹೋದೆ.

ಒಲೆಯ ಮುಂದೆ ಕೂತಿದ್ದ ಅತ್ತೆ ನನ್ನನ್ನು ನೋಡಿದ್ದೇ ಬೆಂಚು ಒರೆಸಿದಳು. "ಬರ್ರಿ ಸರ್, ಕುಂದ್ರಿ. ಇವತ್ತು ಐತವಾರ ಅಲ್ಲಲ್ರಿ? ಒಬ್ರ ಬಂದೀರಿ, ಜಗಳ ಮಾಡಾಕ ಆ ಸರ್ ಬೇಕಲ್ಲ!"

"ನಿಮ್ಮ ಸೊಸಿ ಇಲ್ಲೇನ್ರಿ?" ಎಂದೆ, ಗೊತ್ತಿಲ್ಲದವನಂತೆ.

"ಹೊಸಪೇಟಿಗೆ ಹೋಗ್ಯಾಳ. ಆಫೀಸಿನವರು ಕರದಾರಂತ. ಸೀಟು ಸಿಕ್ಕಂಗ ಅಲ್ರಿ ಸರ್? ನೀವ ಇದ್ದೀರಲ್ಲ ಅಲ್ಲಿ." ಉತ್ತರಕ್ಕೆ ಕಾಯದೆ ಮುಂದುವರಿಸಿದಳು. "ನೀವು ಬಂದ್ರ ಆಕಿಗೆ ಕೆಲಸಾನ ಬ್ಯಾಡ್ರಿ. ನೀರಿನ ಜಗ್ ಹಿಡ್ಕೊಂಡು ನಿಮ್ಮ ಟೇಬಲ್ ಬಿಟ್ಟು ಕದಲಂಗಿಲ್ಲ. ಒಂದ್ ಲೋಟಕ್ಕ ನಾಕ್ ಸಲ ಸುರಿಯೋದು. ನಾ ಬೈದೆ, ಅವರೇನು ಎಮ್ಮೀ ಏನಲೇ ಅಷ್ಟು ನೀರು ಕುಡಿಯಾಕ ಅಂತ."

ಆ ಹೋಟೆಲ್ಲಿನಲ್ಲಿ ನೀರಿನ ಉಪಚಾರ ಭಾಳ ಚೆನ್ನಾಗಿದೆ ಎಂದು ನಾನು ಹೊಸಪೇಟೆಯಲ್ಲಿ ಹಲವರ ಮುಂದೆ ಹೊಗಳಿದ್ದೆ. ಸುರಿದ ಕೈ ನೆನಪಿದೆ. ಹಸಿರು ಬಳೆ ಇತ್ತು. ಇತ್ತೋ, ಈಗ ತೊಡಿಸುತ್ತಿದ್ದೇನೋ, ಹೇಳಲಾರೆ. ಕೈಯ ಮೇಲಕ್ಕೆ ನಾನು ನೋಡಿಯೇ ಇರಲಿಲ್ಲ.

"ಏನಾದ್ರೂ ಬರಕೊಳ್ತಿದ್ರೇನ್ರಿ ನಿಮ್ಮ ಸೊಸಿ?"

ಅತ್ತೆ ಒಳಗಿನಿಂದ ಒಂದು ಕಟ್ಟು ತಂದಳು. ದಿನಕ್ಕೊಂದು ಹರಿಯುವ ಗೋಡೆ ಕ್ಯಾಲೆಂಡರಿನ ಹಾಳೆಗಳು. ಹರಿದ ಹಾಳೆಯ ಖಾಲಿ ಬೆನ್ನಿನ ಮೇಲೆ, ನಾವು ಎದ್ದು ಹೋದ ಮೇಲೆ, ನೆನಪಿದ್ದಷ್ಟು ಬರೆದಿಟ್ಟಿದ್ದಳು. ಎಲ್ಲ ಭಾನುವಾರದವು, ಮುಂಭಾಗದಲ್ಲಿ ಅಚ್ಚಾದ ತಾರೀಖೇ ಸಾಕ್ಷಿ. ಒಂದರ ಮೇಲೆ ಕರಡಿಯ ಫಲಕ, 'ಒಬ್ಬಂಟಿಯಾಗಿ' ಇಲ್ಲದ್ದು. ಕೆಳಗೆ: 'ಗಾಡಿ ಸರ್ – ಡಿ. ದೊಡ್ಡ ಸರ್ – ಬಿ. ಇಲ್ಲದ್ದನ್ನ ತರಬಾರದು.'

ಆ ಪ್ರಶ್ನೆಯನ್ನು ಹೇಗೆ ಕಟ್ಟಿದೆ ಎಂಬ ಬಗ್ಗೆ ನನ್ನಲ್ಲಿ ಅಚ್ಚುಕಟ್ಟಾದ ನೆನಪೊಂದಿತ್ತು: ದರೋಜಿಯ ಬಳಿ ಫಲಕ ಕಂಡದ್ದು, ಮನೆಗೆ ಬಂದು ಕಿಟಕಿಯ ಬಳಿ ಕೂತು ಒಂದೇ ಸಲಕ್ಕೆ ಬರೆದದ್ದು. ಆದರೆ ಹಾಳೆಯಲ್ಲಿ ಮೂರನೆಯ ಊಹೆ ಗಣಿತದ ಮೇಷ್ಟ್ರ ಬಾಯಿಂದ ಬಂದಿತ್ತು. ಅವನ ಮಾತನ್ನು ನಾನು ಎತ್ತಿಕೊಂಡಿದ್ದೆ. ಕಿಟಕಿಯನ್ನು ಆಮೇಲೆ ಕಟ್ಟಿಕೊಂಡಿದ್ದೆ.

ಹಾಳೆಗಳನ್ನು ಪತ್ರಿಕೆಯ ಜೊತೆ ಇಟ್ಟು ನೋಡಿದೆ. ಇಪ್ಪತ್ತರಲ್ಲಿ ಏಳು ಪ್ರಶ್ನೆ ಅಲ್ಲಿದ್ದವು. ಉಳಿದ ಹದಿಮೂರನ್ನು ಆಕೆ ಸ್ವಂತ ತಲೆಯಿಂದ ಬಿಡಿಸಿದ್ದಾಳೆ ಎಂದು ಖುಷಿಪಡುವಷ್ಟರಲ್ಲಿ ಅತ್ತೆ ಹೇಳಿದಳು:

"ಇನ್ನೂ ಭಾಳ ಇದ್ದುವ್ರಿ. ಒಂದಿಷ್ಟು ನಾ ಮಿರ್ಚಿ ಕಟ್ಟಾಕ ಹರದೆ. ಅವತ್ತು ಆಕಿ ನನ್ನ ಜೋಡಿ ಮಾತ ಬಿಟ್ಲು."

ಅಂದರೆ ಏಳೋ, ಹತ್ತೋ, ಇಪ್ಪತ್ತೋ ಯಾರಿಗೂ ಗೊತ್ತಿಲ್ಲ. ಆ ತಗಡಿನ ಕೆಳಗೆ ನಾನು ಏನೇನು ಓದಿದ್ದೆ ಎಂಬುದು ನನಗೂ ಗೊತ್ತಿಲ್ಲ.

ಹೊರಡುವಾಗ ಅತ್ತೆ ಮೊಣಕಾಲು ಹಿಡಿದು ಎದ್ದಳು. "ಸರ್, ನಾಕ್ ತಿಂಗಳು ಆಕಿನ್ನ ಬಿಟ್ಟಿರಾಕ ನಾ ಒಪ್ಪೀನಿ. ಮುಂದಿನ ಸಲ ನಾ ಒಪ್ಪಿದ್ರೂ ಈ ಕಾಲು ಒಪ್ಪಂಗಿಲ್ಲ. ಆದ್ರ ಈ ಸಲಾನ ಆಗಬೇಕು ನೋಡ್ರಿ."

ಹೊಸಪೇಟೆಗೆ ಮರಳುವ ಬಸ್ಸಿನಲ್ಲಿ ಮೂರು ದಾರಿ ಲೆಕ್ಕ ಹಾಕಿದೆ. ಸುಮ್ಮನಿದ್ದರೆ ಆಕೆಯ ಹೆಸರು ಹೋಗುತ್ತದೆ, ನನ್ನದು ಉಳಿಯುತ್ತದೆ. ನಿಜ ಹೇಳಿ ನನ್ನ ಭಾಗವನ್ನು ಎಲ್ಲರಿಗೂ ರದ್ದು ಮಾಡಿಸಿದರೆ ನೋಡುವವರಿಗೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಆಕೆಯ ಬಲವೆಲ್ಲ ಅದೇ ಭಾಗದಲ್ಲಿತ್ತು. ಉಳಿದ ಮೂರರ ಅಂಕ ಕೂಡಿದರೆ ಆಕೆ ನಲವತ್ತರಿಂದ ಹೊರಗೆ. ಕಳ್ಳಿ ಅನ್ನದೆ ಕಳಿಸಿದಂತಾಗುತ್ತದೆ, ಅಷ್ಟೇ. ಮೂರನೆಯದು, ಆ ಭಾಗಕ್ಕೆ ಎಲ್ಲರಿಗೂ ಮರುಪರೀಕ್ಷೆ. ಅದನ್ನು ಕೇಳಬೇಕಾದರೆ ಕಾರಣ ಹೇಳಬೇಕು, ಕಾರಣ ನಾನು.

ಕಾರ್ಯದರ್ಶಿಗಳ ಮುಂದೆ ಕ್ಯಾಲೆಂಡರ್ ಹಾಳೆಗಳನ್ನಿಟ್ಟೆ. ಪೂರ್ತಿ ಕೇಳಿಸಿಕೊಂಡರು.

"ಅಂದ್ರ ಪೇಪರ್ ಒಡದಿದ್ದು ನಿಮ್ಮ ಬಾಯಿಂದ."

"ಹೌದ್ರಿ."

"ಆಕಿಗೊಬ್ಬಾಕಿಗೆ ಇನ್ನೊಂದು ಪರೀಕ್ಷಾ ಕೊಟ್ರ ಆಗಂಗಿಲ್ಲೇನು? ಎಲ್ಲಾರನ್ನೂ ಯಾಕ ಓಡಾಡಸ್ತೀರಿ?"

"ಆಕಿ ಒಬ್ಬಾಕಿನ ಕೇಳ್ಯಾಳ ಅಂತ ನಾ ಹೆಂಗ ಹೇಳಲ್ರಿ? ಬಸ್ಸಿನಾಗೂ ಓದೀನಿ. ಆಕಿ ತಪ್ಪು ಮಾಡಿದ್ದಕ್ಕ ಸಿಕ್ಕಾಳ. ಕೇಳಿ ಸರಿ ಉತ್ತರ ಹಾಕಿದವರು ಸಿಗಂಗಿಲ್ಲ."

ಈ ಮಾತನ್ನು ಆಗಲೇ ಇಷ್ಟು ಬಿಗಿಯಾಗಿ ಹೇಳಿದೆನೋ, ಈಗ ಬರೆಯುವಾಗ ಬಿಗಿ ಮಾಡಿದೆನೋ ತಿಳಿಯದು. ಕಾರ್ಯದರ್ಶಿಗಳು ಬಹಳ ಹೊತ್ತು ಕನ್ನಡಕ ಒರೆಸಿದ್ದು ಮಾತ್ರ ಖಂಡಿತ.

"ಆತು. ಎಲ್ಲಾರಿಗೂ ಮತ್ತ. ಪೇಪರ್ ಹೊರಗಿನವರು ತೆಗೀಲಿ. ಈ ಬ್ಯಾಚಿಗೆ ನೀವು ಕ್ಲಾಸೂ ತಗೊಳ್ಳಂಗಿಲ್ಲ, ಆವರಣಕ್ಕೂ ಬರಂಗಿಲ್ಲ. ನೋಟಿಸಿನಾಗ ನಿಮ್ಮ ತಪ್ಪು ಅಂತಾನ ಬರೀತೀನಿ. ಒಪ್ಪಿಗೀ?"

"ಒಪ್ಪಿಗಿ."

ಪಟ್ಟಿಯ ಬದಲು ಆ ನೋಟಿಸು ಅಂಟಿಸಿದ ದಿನ ಬಾಗಿಲ ಬಳಿ ಗದ್ದಲವಾಯಿತು. ಸಂಡೂರಿನಿಂದ ಬಂದಿದ್ದ ಒಬ್ಬ, ರಜೆ ಹಾಕಿ ಬಂದೀನಿ, ಯಾವನೋ ಮೇಷ್ಟ್ರು ಹೋಟೆಲ್ಲಿನಾಗ ಬಾಯಿ ಹರಿಬಿಟ್ಟಿದ್ದಕ್ಕ ನಾ ಯಾಕ ಮತ್ತ ಬರೀಬೇಕು ಎಂದು ಕೂಗಿದನಂತೆ.

ಹದಿನೈದು ದಿನದ ಮೇಲೆ ಮರುಪರೀಕ್ಷೆ ನಡೆಯಿತು. ನಾನು ಮನೆಯಲ್ಲಿದ್ದೆ. ಆ ಹದಿನೈದು ದಿನ ನನ್ನನ್ನು ಕೊರೆದ ಅನುಮಾನ ಇದು: ಆಕೆಯದು ಬರೀ ಕಿವಿಯ ಜ್ಞಾಪಕವಾಗಿದ್ದರೆ? ಮೇಜಿನ ಮುಂದೆ ಬಿಡಿಸಿದ ಒಂದು ಪ್ರಶ್ನೆಯಿಂದ ಏನು ಹೇಳಲಾದೀತು? ಆಗ ನಾನು ಅಷ್ಟು ಜನರನ್ನು ಓಡಾಡಿಸಿ, ನನ್ನ ಕೆಲಸ ಕಳೆದುಕೊಂಡು, ಆಕೆಯನ್ನು ಇನ್ನೊಂದು ಸಲ ಎಲ್ಲರೆದುರು ಬೀಳಿಸಿದಂತಾಗುತ್ತಿತ್ತು.

ಪಟ್ಟಿ ಬಂದಾಗ ಗಣಿತದ ಮೇಷ್ಟ್ರು ಫೋನ್ ಮಾಡಿದ. "ಮೂವತ್ತಮೂರು," ಎಂದ. ನಾನು ಇನ್ನೊಂದು ಸಲ ಹೇಳಿಸಿದೆ. "ಮೂವತ್ತಮೂರನೇ ನಂಬರು. ಕಿವಿ ಸರಿ ಐತಿಲ್ಲೋ?" ಎಂದು ಫೋನ್ ಇಟ್ಟ. ಅವನು ನನ್ನೊಂದಿಗೆ ಸರಿಯಾಗಿ ಮಾತಾಡಲು ಇನ್ನೂ ಕೆಲವು ವಾರ ಹಿಡಿಯಿತು.

ಆಯ್ಕೆಯಾದವರು ಸೇರುವ ದಿನ ಸ್ಟಾಫ್ ರೂಮಿನಲ್ಲಿದ್ದ ನನ್ನ ಪುಸ್ತಕಗಳನ್ನು ಒಯ್ಯಲು ಕಾರ್ಯದರ್ಶಿಗಳಿಂದ ಅನುಮತಿ ಪಡೆದು ಹೋಗಿದ್ದೆ. ಹಾಸ್ಟೆಲಿನ ಬಾಗಿಲಲ್ಲಿ ಸಾಲು. ಅತ್ತೆ ಅಲ್ಲಿಯ ವಾರ್ಡನ್‌ಗೆ, ಈಕೆ ಬೆಳಿಗ್ಗೆ ಎದ್ದ ಕೂಡಲೇ ಏನಾದರೂ ತಿನ್ನಬೇಕು ಎಂದು ಎರಡೆರಡು ಸಲ ಹೇಳುತ್ತಿದ್ದಳು. ಸೊಸೆ ನನ್ನನ್ನು ಕಂಡು ಚೀಲ ಕೆಳಗಿಟ್ಟು ನಮಸ್ಕಾರ ಮಾಡಿದಳು.

ಮರುಪರೀಕ್ಷೆ ಮುಗಿದ ಮೇಲೆ ಹೊಸ ಪತ್ರಿಕೆಯ ಒಂದು ಪ್ರತಿಯನ್ನು ಕಾರ್ಯದರ್ಶಿಗಳೇ ನನಗೆ ಕಳಿಸಿದ್ದರು. ಅದರ ಒಂಬತ್ತನೆಯ ಪ್ರಶ್ನೆ ನನ್ನ ತಲೆಯಿಂದ ಹೋಗಿರಲಿಲ್ಲ. ಹೇಳಿಕೆ: "ಶಾಲೆ ಬಿಡುವ ಹೊತ್ತಿಗೆ ಅದಿರು ಲಾರಿಗಳು ನಮ್ಮೂರೊಳಗೆ ಬರಬಾರದು – ಗ್ರಾಮಸ್ಥರ ಮನವಿ." ಊಹೆ: ಲಾರಿಗಳಿಗೆ ಬೇರೆ ದಾರಿ ಇದೆ. ಅಡಗಿದೆ ಎಂದು ನಾನು ತೀರ್ಮಾನಿಸಿದ್ದೆ. ಬೇರೆ ದಾರಿಯೇ ಇಲ್ಲದಿದ್ದರೆ ಬರಬೇಡಿ ಎಂದು ಯಾರು ಕೇಳುತ್ತಾರೆ?

"ಒಂಬತ್ತಕ್ಕ ಏನ್ ಹಾಕಿದ್ರಿ?" ಎಂದು ಕೇಳಿಬಿಟ್ಟೆ.

"ಲಾರಿದೇನ್ರಿ? ಅಡಗಿಲ್ಲ ಅಂತ ಹಾಕೀನಿ. ಬೇರೆ ದಾರಿ ಯಾಕ ಬೇಕ್ರಿ? ಊರ ಹೊರಗ ಅರ್ಧ ತಾಸು ನಿಂತ್ರ ಆತು."

ನಾನು ಬಾಯಿ ತೆರೆದೆ. ನನ್ನ ವಾದ ನಾಲಿಗೆಯ ಮೇಲೆ ಸಿದ್ಧವಾಗಿತ್ತು.

ಆಕೆ ಅದನ್ನು ಕಂಡಳು. ಚೀಲ ಎತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. "ಹೇಳಬ್ಯಾಡ್ರಿ ಸರ್," ಎಂದಳು. "ನೀವು ಹೇಳಿದ್ರ ನಾ ಮತ್ತ ನಂಬಿಬಿಡ್ತೀನಿ."